ಕುಸುಮಳ ತಲೆಯ ಮುಂಡಾಸು

ಬೆಳುವಾಯಿ, 1953

ಬಂಟ್ವಾಳದ ಹೆಂಡತಿ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿರುವ ತಮ್ಮ ಸಂಕಪ್ಪನಿಗೆ, ಅಕ್ಕ ನೀಲಾವತಿಯ ಆಶೀರ್ವಾದ.

ನಮ್ಮ ಆಳು ರುಕ್ಮಯ್ಯನ ಹತ್ತಿರ ನೀನು ಹೇಳಿ ಕಳುಹಿಸಿದ್ದು ತಲುಪಿತು. ಬಟ್ಟೆಯ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಕೈ ಕಳುಹಿಸಬೇಕು, ಮಗುವಿನ ವೇಷದಾಟ ನಿಲ್ಲಬೇಕು, ಅಲ್ಲಿಯವರೆಗೆ ನೀನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದೆಯಂತೆ. ಕೀಲಿಕೈ ಕಳುಹಿಸುವುದಿಲ್ಲ. ಇದನ್ನು ಮೊದಲೇ ಬರೆದುಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನದಲ್ಲಿ ಓದಬಹುದು.

ಅಂದು ಜಗಲಿಯಲ್ಲಿ ಊರಿನ ದೊಡ್ಡವರು ಕೂತಿದ್ದರು, ನಿಜ. ಮೂರು ತುಂಬದ ನನ್ನ ಕುಸುಮ ನಿನ್ನ ಜರಿಯ ಮುಂಡಾಸನ್ನು ಕಣ್ಣು ಮುಚ್ಚುವಷ್ಟು ಇಳಿಸಿಕೊಂಡು, ಶಾಲು ಎಳೆಯುತ್ತ ಬಂದು ನಿನ್ನ ಕುರ್ಚಿ ಹತ್ತಿದ್ದೂ ನಿಜ. "ರುಕ್ಮಯ್ಯಾ, ಎತ್ತಿಗೆ ಬೈಹುಲ್ಲು ಹಾಕಿದ್ಯಾ ಮಾರಾಯಾ?" ಎಂದು ನಿನ್ನ ಹಾಗೆಯೇ ಕೆಮ್ಮಿ ಕೇಳಿದಳು. ಎಲ್ಲರೂ ನಕ್ಕರು. ರುಕ್ಮಯ್ಯ ಮಾತ್ರ ನಗದೆ "ಹಾಕಿದ್ದೇನೆ ಧಣಿ" ಎಂದ. ನೀನು ಎದ್ದು ಮುಂಡಾಸು ಕಿತ್ತುಕೊಂಡೆ. "ಹೆಣ್ಣು ಯಜಮಾನನ ಮುಂಡಾಸು ಇಟ್ಟರೆ ಮನೆ ಉಳಿಯುವುದುಂಟಾ?" ಎಂದು ಗುಡುಗಿ, ಅದನ್ನು ಪೆಟ್ಟಿಗೆಗೆ ಹಾಕಿ ಬಂಟ್ವಾಳಕ್ಕೆ ನಡೆದೆ. ಅಂದಿನಿಂದ ಮಗು ಆ ಕುರ್ಚಿಯ ಹತ್ತಿರ ಹೋಗಲಿಲ್ಲ. ಪೆಟ್ಟಿಗೆ ಕಂಡರೆ ಕೈಗಳನ್ನು ಬೆನ್ನ ಹಿಂದೆ ಅಡಗಿಸುತ್ತಿದ್ದಳು.

ಇವಳಷ್ಟೇ ಚಿಕ್ಕವನಿದ್ದಾಗ ನೀನು ಅಮ್ಮನ ಸೀರೆ ಸುತ್ತಿ, ಅಬ್ಬಲಿಗೆ ಹೂ ಮುಡಿದು, ತೆಂಗಿನ ಗೆರಟೆಯಲ್ಲಿ ಮಣ್ಣಿನ ಗಂಜಿ ಬಡಿಸುತ್ತಿದ್ದೆ. ಸೀರೆ ಉಡಿಸಿದವಳು ನಾನೇ. ನಮ್ಮ ಸೋದರಮಾವ ಆ ಗಂಜಿಯನ್ನು ಸೊರ್ರೆಂದು ಕುಡಿದ ಹಾಗೆ ಮಾಡಿ, "ಸಂಕಪ್ಪಕ್ಕಾ, ಉಪ್ಪು ಕಮ್ಮಿ ಆಯ್ತಲ್ಲ" ಎನ್ನುತ್ತಿದ್ದರು. ಅದರಿಂದ ಯಾವ ಮನೆ ಬಿತ್ತು? ನಿನಗೆ ಮೀಸೆ ಬಾರದೆ ಉಳಿಯಿತೇ?

ಮುಂಡಾಸು ಆ ಮಾವನದೇ. ನಮ್ಮದು ಅಳಿಯಸಂತಾನದ ಮನೆ, ಸಂತಾನ ಹೆಣ್ಣಿನಿಂದಲೇ. ಮಾವನ ಮಕ್ಕಳು ಕಣ್ಣೆದುರೇ ಇದ್ದರೂ ಅದು ನಿನ್ನ ತಲೆಗೆ ಬಂತು, ನೀನು ಅವರ ತಂಗಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ. ನಾಳೆ ನಿನ್ನ ಮಕ್ಕಳಿಗೂ ಅದು ಸೇರುವುದಿಲ್ಲ. ಈ ಮನೆಯ ಸಂತಾನವೆಂದು ಇರುವುದು ಕುಸುಮ ಒಬ್ಬಳೇ. ಅವಳ ಹೊಟ್ಟೆಯಲ್ಲಿ ಹುಟ್ಟುವವನು ಅದನ್ನು ಇಡಬಹುದಂತೆ, ಅವಳು ಆಟಕ್ಕೂ ಮುಟ್ಟಬಾರದಂತೆ! ಇದು ಯಾವ ಊರಿನ ನ್ಯಾಯ?

ನಾನು ಮಾಡಿದ್ದನ್ನು ಕೇಳು. ಪೆಟ್ಟಿಗೆಯನ್ನು ಜಗಲಿಗೆ ತಂದು ಮುಚ್ಚಳ ತೆಗೆದಿಟ್ಟೆ. ನಿನ್ನ ಹಳೆಯ ಕೋಟು, ಅಮ್ಮನ ಸೀರೆ, ಮುರಿದ ಕೊಡೆ ಎಲ್ಲವನ್ನೂ ಹರಡಿದೆ. ರುಕ್ಮಯ್ಯ ಅಡಿಕೆ ಹಾಳೆಯಲ್ಲಿ ಅವಳ ಅಳತೆಯದೇ ಮುಟ್ಟಾಳೆ ಹೊಲಿದುಕೊಟ್ಟ. ಆ ಟೋಪಿಯನ್ನೂ ಅವಳು ಮುಟ್ಟಲಿಲ್ಲ. ಕೊನೆಗೆ ಮುಂಡಾಸನ್ನು ನನ್ನ ತಲೆಗಿಟ್ಟು ನಿನ್ನ ಕುರ್ಚಿಯಲ್ಲಿ ಕೂತೆ. ಹೌದು, ನಾನೇ. ಕೆಮ್ಮಿದೆ ಕೂಡ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಕುಸುಮ ಓಡಿ ಬಂದು, "ಅಮ್ಮಾ, ಅದು ನನ್ನದು!" ಎಂದು ಕಿತ್ತುಕೊಂಡಳು.

ಇದನ್ನು ಬರೆಯುವಾಗ ಅವಳು ಅದನ್ನಿಟ್ಟುಕೊಂಡು ರುಕ್ಮಯ್ಯನನ್ನು ಗದರಿಸುತ್ತಿದ್ದಾಳೆ. ನೀನು ಬರುವುದಾದರೆ ಬಾ. ಕಾಲಿಗೆ ನೀರುಂಟು, ಬಾಯಿಗೆ ಬೆಲ್ಲ ಉಂಟು. ಕುರ್ಚಿ ಬೇಕಿದ್ದರೆ ಮಾತ್ರ ಯಜಮಾನರನ್ನು ಕೇಳಬೇಕು. ಮರ್ಯಾದೆಯಲ್ಲಿ ಕೇಳಿದರೆ ಕೊಡುತ್ತಾಳೆ.

ಮುಂಡಾಸು ಯಾರ ತಲೆಯ ಮೇಲಿದ್ದರೂ ನಿನ್ನ ತಲೆ ತಣ್ಣಗಿರಲಿ.

ನಿನಗೆ ಸೀರೆ ಉಡಿಸಿದ ಅಕ್ಕ,
ನೀಲಾವತಿ