‘ಗೊತ್ತಿಲ್ಲ’ ಅಂದವರು

ಫೆಬ್ರವರಿ 3, ಮಂಗಳವಾರ. ಸಂಜೆ

ಇವತ್ತೂ ನಮ್ಮ ಸಮೀಕ್ಷೆಯ ಕರೆಗೆ ಹುಡುಗರು ಫೋನ್ ಎತ್ತಲಿಲ್ಲ. ಹಾಗಾಗಿ ಎತ್ತಿದ ಒಬ್ಬೊಬ್ಬನನ್ನೂ ಒಂದೂವರೆ ಜನ ಅಂತ ಹಿಡಿಯಬೇಕು. ಮನೆಯಲ್ಲೇ ಇರುವ ಹೆಂಗಸರು ಬೇಕಾದ್ದಕ್ಕಿಂತ ಹೆಚ್ಚು ಸಿಗುತ್ತಾರೆ. ಅವರು ಒಬ್ಬೊಬ್ಬರೂ ಮುಕ್ಕಾಲು. ವೆಯ್ಟಿಂಗ್, ಅಂದರೆ ಉತ್ತರಗಳಿಗೆ ತೂಕ ಕೊಡುವುದು, ಇಷ್ಟೇ ಎಂದು ಅಪ್ಪನಿಗೆ ವಿವರಿಸಿದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕರು.

“ನಾನೂ ಅಷ್ಟೇ ಅಲ್ವೇನೇ ಮಾಡೋದು? ಬಟ್ಟೆ ದೊಡ್ಡದಾಗಿದ್ರೆ ಹೊಲಿಗೆ ಹಿಡಿಯೋದು, ಚಿಕ್ಕದಾಗಿದ್ರೆ ಬಿಡೋದು.”

ಟೈಲರ್ ಮಗಳು ಅನಾಲಿಸ್ಟ್ ಆದರೆ ಹೀಗೇ... ಮನೆಯಲ್ಲಿ ಯಾರಿಗೂ ಆಶ್ಚರ್ಯವಿಲ್ಲ.

ನಗರಸಭೆ ಚುನಾವಣೆಗೆ ಐದು ವಾರ ಇದೆ. ಒಂದು ಪತ್ರಿಕೆಗಾಗಿ ಸಮೀಕ್ಷೆ, ಈ ಸಲ ನಮ್ಮ ಮನೆ ಇರುವ ವಾರ್ಡಿನದೇ. ಪಕ್ಕದ ಮೇಜಿನವನು — ಆಫೀಸಿನಲ್ಲಿ ಎಲ್ಲರಿಗೂ ‘ದಶಮಾಂಶ’ — ಟೀಗೆ ಬರುತ್ತೀಯಾ ಅಂದರೆ “ತೊಂಬತ್ತೆಂಟು ಪಾಯಿಂಟ್ ನಾಲ್ಕು ಪರ್ಸೆಂಟ್ ಬರ್ತೀನಿ” ಎನ್ನುತ್ತಾನೆ. ಇವತ್ತು ಬರಲಿಲ್ಲ. ಆ ಒಂದು ಪಾಯಿಂಟ್ ಆರು ಇವತ್ತೇ ಬಿತ್ತಂತೆ.

ಫೆಬ್ರವರಿ 5, ಗುರುವಾರ

ಕರಡು ವರದಿಯಲ್ಲಿ ನನ್ನ ಪಾಲು ಎರಡು ಪುಟ. ಐವತ್ತು ದಾಟಿದ ಗೃಹಿಣಿಯರಲ್ಲಿ ಅರ್ಧದಷ್ಟು ಜನ ‘ಗೊತ್ತಿಲ್ಲ / ಹೇಳಲಾರೆ’ ಅಂದಿದ್ದಾರೆ. ಬರೆದೆ: “ಈ ವರ್ಗಕ್ಕೆ ಸ್ಥಳೀಯ ರಾಜಕೀಯದಲ್ಲಿ ಆಸಕ್ತಿ ಕಡಿಮೆ.” ನಮ್ಮ ತಂಡದ ಮುಖ್ಯಸ್ಥೆ, ಮೇಡಂ, ಅದರ ಪಕ್ಕ ಸರಿ ಗುರುತು ಹಾಕಿದರು. “ನೀಟಾಗಿದೆ. ಹೀಗೇ ಬರಿ.” ಸೇರಿ ಎಂಟು ತಿಂಗಳಾದ ಮೇಲೆ ಮೊದಲ ಸರಿ ಗುರುತು. ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲಿಲ್ಲ.

ಫೆಬ್ರವರಿ 9, ಸೋಮವಾರ. ಊಟದ ಬಿಡುವು

ಊಟಕ್ಕೆ ಮೊದಲು ಇದನ್ನು ಬರೆದಿಡಬೇಕು.

ಫೋನ್ ಮಾಡುವ ಹುಡುಗಿಯರು ಪ್ರಶ್ನೆ ಸರಿಯಾಗಿ ಕೇಳಿದ್ದಾರಾ ಎಂದು ನೋಡಲು ಅಲ್ಲೊಂದು ಇಲ್ಲೊಂದು ರೆಕಾರ್ಡಿಂಗ್ ಕೇಳಬೇಕು. ಇವತ್ತು ಬೆಳಿಗ್ಗೆ ನಾನು ಕೇಳಿದ ಮೂರನೆಯದು. “ಹಾಂ, ಹೇಳಿ” ಎಂದು ಹೆಂಗಸಿನ ದನಿ. ಹಿಂದೆ ಫ್ಯಾನು — ಟಕ್, ಟಕ್, ಸ್ವಲ್ಪ ಬಿಟ್ಟು ಇನ್ನೊಂದು ಟಕ್. ನಮ್ಮ ನಡುಮನೆ ಫ್ಯಾನು. ಅಮ್ಮ.

ನಿಯಮದ ಪ್ರಕಾರ ಮೊದಲು ಕೇಳುವುದು: ಮನೆಯಲ್ಲಿ ಯಾರಾದರೂ ಪತ್ರಿಕೆಯಲ್ಲೋ ಪಕ್ಷದಲ್ಲೋ ಸಮೀಕ್ಷೆ ಕಂಪನಿಯಲ್ಲೋ ಕೆಲಸ ಮಾಡುತ್ತಾರಾ? ಹೌದು ಅಂದರೆ ಧನ್ಯವಾದ ಹೇಳಿ ಫೋನ್ ಇಡಬೇಕು.

“ಯಾರೂ ಇಲ್ಲಮ್ಮ” ಅಂದಳು ಅಮ್ಮ. ತಡವರಿಸಲೂ ಇಲ್ಲ!

ಅಲ್ಲೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಈಗಿನ ಕೌನ್ಸಿಲರ್‌ಗೆ ಮತ್ತೆ ಓಟು ಹಾಕುತ್ತೀರಾ? “ಇಲ್ಲ.” ನಮ್ಮ ಕೌನ್ಸಿಲರ್ ಅಪ್ಪನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವರ ಪ್ಯಾಂಟು ಇವತ್ತಿಗೂ ಅಪ್ಪನೇ ಹೊಲಿಯುವುದು.

ಕಾರಣ? “ಬಸ್ ಸ್ಟ್ಯಾಂಡ್ ಹಿಂದೆ ಒಂದು ಓದೋ ಕೋಣೆ ಇತ್ತು. ಅದನ್ನ ಒಡೆಸಿ ಗಾಡಿ ನಿಲ್ಲಿಸೋ ಜಾಗ ಮಾಡಿದ್ರು.”

ಇನ್ನೇನಾದರೂ?

“ಮಧ್ಯಾಹ್ನ ಹೋಗ್ತಿದ್ದೆ ನಾನು. ಓದೋದಕ್ಕೇ ಅಂತೇನಲ್ಲ. ಅಲ್ಲಿ ಕಿಟಕಿ ಹತ್ರ ಒಂದು ಕುರ್ಚಿ ಇತ್ತು. ಕೂತ್ರೆ ಯಾರೂ ಏನೂ ಕೇಳ್ತಿರಲಿಲ್ಲ. ನೀರು ಬಂತಾ, ಗುಂಡಿ ಎಲ್ಲಿ, ಕನ್ನಡಕ ನೋಡಿದ್ಯಾ... ಏನೂ ಇಲ್ಲ. ಒಂದು ಗಂಟೆ ನನ್ನ ಪಾಡಿಗೆ ನಾನು.”

ಇನ್ನೇನಾದರೂ?

“ಇದನ್ನೆಲ್ಲ ಮನೇಲಿ ಹೇಳಿಲ್ಲ. ನಮ್ಮ ಯಜಮಾನ್ರಿಗೆ ಅವರು ಬೇಕಾದವರು. ಊಟಕ್ಕೆ ಕೂತಾಗ ಯಾಕೆ ರಗಳೆ ಅಂತ. ಸಾಕಲ್ವಾ? ನಿಮಗೂ ಬೇರೆ ಕೆಲಸ ಇರುತ್ತೆ.”

ಎಂಟು ನಿಮಿಷ. ಅಮ್ಮ ಅಷ್ಟು ಹೊತ್ತು ತನ್ನ ಬಗ್ಗೆ ಮಾತಾಡಿದ್ದನ್ನು ನಾನು ಈವರೆಗೆ ಕೇಳಿಲ್ಲ.

ಫೆಬ್ರವರಿ 10, ಮಂಗಳವಾರ

ಮೇಡಂಗೆ ಹೇಳಿದೆ. ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಪೂರ್ತಿ ಕೇಳಿದ್ಯಾ?”

“ಕೇಳಿದೆ ಮೇಡಂ.”

“ಕೇಳಬಾರದಿತ್ತು. ನಾನಾಗಿದ್ರೂ ಕೇಳ್ತಿದ್ದೆ, ಆ ಮಾತು ಬೇರೆ. ರೆಕಾರ್ಡ್ ತೆಗೆದುಬಿಡು. ಮನೇಲಿ ನೀನಿದೀಯ, ಲೆಕ್ಕಕ್ಕೆ ಬರೋ ಹಾಗಿಲ್ಲ.”

“ಒಬ್ಬರಿಂದ ಏನೂ ವ್ಯತ್ಯಾಸ ಆಗಲ್ಲ ಅಲ್ವಾ?”

“ಆಗಲ್ಲ. ಹಾಗಂತ ತೆಗೆಯೋದು ಸುಲಭ ಅನ್ಕೋಬೇಡ.”

ತೆಗೆದೆ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು. ಹೌದು ಒತ್ತಿದೆ. ಶೇಕಡಾವಾರು ಒಂದು ಕೂದಲಷ್ಟೂ ಅಲುಗಲಿಲ್ಲ.

ಫೆಬ್ರವರಿ 14, ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ. ಅಮ್ಮನ ಮುಖ ನೋಡುವುದು, ತಿರುಗಿಸಿಕೊಳ್ಳುವುದು. “ಏನೇ ಅದು, ನನ್ನ ಮುಖದ ಮೇಲೆ ಏನಾದ್ರೂ ಬರೆದಿದ್ಯಾ?” ಅಂದಳು. ತಲೆನೋವು ಅಂದೆ. ಮಾತ್ರೆ ತಂದುಕೊಟ್ಟಳು. ಸುಳ್ಳಿಗೆ ಮಾತ್ರೆ ನುಂಗಿದೆ.

ಬರುವಾಗ ಬಸ್ ಸ್ಟ್ಯಾಂಡ್ ಹಿಂದೆ ಹೋದೆ. ಬಿಳಿ ಗೆರೆ ಎಳೆದ ಸಾಲು, ಸ್ಕೂಟರುಗಳು. ಹಳೆಯ ಗೋಡೆಯ ಒಂದು ತುಂಡು ಉಳಿದಿದೆ, ಅದರ ನೆರಳಲ್ಲಿ ಕಾವಲಿನವ ಕೂತಿದ್ದ. “ಗಾಡಿ ಎಲ್ಲಿದೆ ನಿಮ್ದು?” ಗಾಡಿ ಇಲ್ಲ, ಸುಮ್ಮನೆ ಬಂದೆ ಅಂದೆ. “ಸುಮ್ನೆ ನಿಲ್ಲೋ ಹಾಗಿಲ್ಲಮ್ಮ” ಅಂದ.

ಫೆಬ್ರವರಿ 16, ಸೋಮವಾರ

ಆ ವಾಕ್ಯ. ‘ಆಸಕ್ತಿ ಕಡಿಮೆ.’ ಮೇಡಂ ಸರಿ ಗುರುತು ಹಾಕಿದ ವಾಕ್ಯ. ಓದಿದಷ್ಟೂ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ.

‘ಗೊತ್ತಿಲ್ಲ’ ಎಂದ ಹೆಂಗಸರ ರೆಕಾರ್ಡಿಂಗ್‌ಗಳನ್ನು ಕೇಳುತ್ತಾ ಕೂತೆ. ಉತ್ತರ ಬಿಟ್ಟು ಹಿಂದಿನ ಸದ್ದಿಗೆ ಕಿವಿಕೊಟ್ಟೆ. ಒಬ್ಬಾಕೆಯ ಹಿಂದೆ ಗಂಡಸಿನ ಕೆಮ್ಮು. ಇನ್ನೊಬ್ಬಾಕೆಯ ಹಿಂದೆ “ಯಾರದು ಫೋನು? ಇಡು ಸಾಕು.” ಮತ್ತೊಬ್ಬಾಕೆ ಪ್ರಶ್ನೆ ಪೂರ್ತಿ ಕೇಳಿಸಿಕೊಂಡು, ಪಿಸುಮಾತಿನಲ್ಲಿ “ಈಗ ಗೊತ್ತಿಲ್ಲಮ್ಮ.” ಈಗ! ಪಟ್ಟಿಯಲ್ಲಿ ಆ ‘ಈಗ’ಕ್ಕೆ ಜಾಗವಿಲ್ಲ. ಬಹುಪಾಲು ಕರೆಗಳು ಸಂಜೆಯವು. ಮನೆ ತುಂಬಿರುವ ಹೊತ್ತು. ಅಮ್ಮನಿಗೆ ಫೋನ್ ಹೋಗಿದ್ದು ಮಧ್ಯಾಹ್ನ.

ಇದನ್ನು ಮೇಡಂ ಮುಂದೆ ಇಟ್ಟೆ.

“ಇದು ನಿಮ್ಮಮ್ಮನ ವಿಷಯ ತಲೇಲಿಟ್ಕೊಂಡು ಹೇಳ್ತಿರೋದಾ?”

“ಶುರುವಾಗಿದ್ದು ಅಲ್ಲಿಂದಾನೇ. ಅದನ್ನ ಬಿಟ್ಟೂ ಇದು ನಿಲ್ಲುತ್ತೆ ಅನ್ಸುತ್ತೆ ಮೇಡಂ.”

“ಅನ್ಸೋದು ನಮಗೆ ಬೇಡ. ಅವರಿಗೇ ಮಧ್ಯಾಹ್ನ ಮತ್ತೆ ಫೋನ್ ಮಾಡಿಸು. ಶುಕ್ರವಾರದವರೆಗೆ ಟೈಮ್. ಏನೂ ಬರಲಿಲ್ಲ ಅಂದ್ರೆ ಆ ವಾಕ್ಯ ಹಾಗೇ ಹೋಗುತ್ತೆ.”

ಫೆಬ್ರವರಿ 20, ಶುಕ್ರವಾರ

ಬಂತು.

‘ಗೊತ್ತಿಲ್ಲ’ ಅಂದವರ ಸಂಖ್ಯೆ ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿಯಿತು. ಉಳಿದವರಿಗೆಲ್ಲ ಗೊತ್ತಿತ್ತು. ಚರಂಡಿ ಗೊತ್ತಿತ್ತು, ಬೀದಿದೀಪ ಗೊತ್ತಿತ್ತು, ಯಾರು ಯಾವ ಗೇಟಿನ ಮುಂದೆ ಯಾವಾಗ ಬಂದು ಏನು ಮಾತು ಕೊಟ್ಟು ಹೋದರು ಅನ್ನುವುದೂ ಗೊತ್ತಿತ್ತು. ಹಾಗಂತ ಎಲ್ಲರೂ ಕೌನ್ಸಿಲರ್ ವಿರುದ್ಧವೇನಲ್ಲ. ಕೆಲವರು ಅವರನ್ನು ಹೊಗಳಿದರು, ಗಂಡ ಬೈಯುತ್ತಾನೆ ಎಂಬ ಕಾರಣಕ್ಕೆ ಬಾಯಿ ಬಿಟ್ಟಿರಲಿಲ್ಲವಂತೆ.

ದಶಮಾಂಶ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. “ತಪ್ಪು ಹುಡುಕೋಣ ಅಂತಿದ್ದೆ.” “ಸಿಕ್ತಾ?” “ಒಂದು ಕಾಗುಣಿತ.”

ವಾಕ್ಯ ಬದಲಾಯಿತು: “ಈ ವರ್ಗದ ಉತ್ತರ, ಕೇಳುವ ಹೊತ್ತಿನ ಮೇಲೆ ನಿಂತಿದೆ.” ಮೇಡಂ ಯಾವ ಗುರುತೂ ಹಾಕದೆ ಮುಂದಕ್ಕೆ ಕಳಿಸಿದರು.

ಫೆಬ್ರವರಿ 21, ಶನಿವಾರ. ಮಧ್ಯಾಹ್ನ

ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅಮ್ಮನಿಗೆ ಹೇಳಿಬಿಟ್ಟೆ. ಬೇರೆ ದಾರಿ ಇದ್ದಿರಬಹುದು, ನನಗೆ ತೋಚಲಿಲ್ಲ. ಇನ್ನೊಬ್ಬರ ಮನಸ್ಸಿನ ಮಾತು ಹೊಟ್ಟೆಯಲ್ಲಿಟ್ಟುಕೊಂಡು ಅವರದೇ ಕೈಯ ಊಟ ಮಾಡಲು ಆಗುತ್ತಿರಲಿಲ್ಲ.

ಅಪ್ಪನ ಅಂಗಿ ಕೊಡವುತ್ತಿದ್ದವಳು ನಿಂತಳು.

“ಪೂರ್ತಿ ಕೇಳಿದ್ಯೇನೇ?”

“ಹೂಂ.”

“ಆ ಕುರ್ಚಿ ವಿಷಯಾನೂ?”

“ಹೂಂ. ಯಾಕಮ್ಮ ಸುಳ್ಳು ಹೇಳಿದೆ, ಮನೇಲಿ ಯಾರೂ ಇಲ್ಲ ಅಂತ?”

“ಹೋದ ವರ್ಷ ಒಂದ್ಸಲ ಇಂಥದ್ದೇ ಫೋನ್ ಬಂದಿತ್ತು. ನಮ್ಮ ಮಗಳು ಇದೇ ಕೆಲಸಕ್ಕೆ ಸೇರ್ತಿದಾಳೆ ಅಂತ ಹೆಮ್ಮೆಯಿಂದ ಹೇಳಿದೆ. ಥ್ಯಾಂಕ್ಸ್ ಅಂದು ಇಟ್ಟೇಬಿಟ್ರು. ನಾನು ಇನ್ನೂ ಏನೂ ಹೇಳೇ ಇರಲಿಲ್ಲ.” ಅಂಗಿಯನ್ನು ಹಗ್ಗಕ್ಕೆ ಹಾಕಿದಳು. “ಈ ಸಲ ಬಿಡಬಾರದು ಅಂತ.”

ನಗು ಬಂತು. ಅವಳಿಗೂ ಬಂತು. ಆಮೇಲೆ ಕೇಳಿದಳು: “ಈಗ ಅದು ಎಲ್ಲಿದೆ? ನಾನು ಹೇಳಿದ್ದು?”

“ತೆಗೆದುಹಾಕಿದೆ. ನಿಯಮ ಹಾಗಿದೆ ಅಮ್ಮ.”

“ಅಂದ್ರೆ ಎಲ್ಲೂ ಇಲ್ಲ?”

“ಇಲ್ಲ.”

ಕ್ಲಿಪ್ಪು ಹಾಕುತ್ತಲೇ ಇದ್ದಳು, ಒಂದೇ ಅಂಗಿಗೆ ಒಂದರ ಮೇಲೊಂದು. ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು. “ಹೋಗ್ಲಿ ಬಿಡು” ಅಂದಳು. ಬಕೆಟ್ ಎತ್ತಿಕೊಂಡು ಇಳಿದಳು.

ಫೆಬ್ರವರಿ 22, ಭಾನುವಾರ

ಬೆಳಿಗ್ಗೆ ಕೌನ್ಸಿಲರ್ ಮನೆಗೇ ಬಂದರು. ಜೊತೆಗೆ ಮೂವರು, ಕೈಯಲ್ಲಿ ಕರಪತ್ರ. ಅಪ್ಪ ಓಡಿಹೋಗಿ ಕುರ್ಚಿ ತಂದರು. ಹಳೆಯ ಸ್ಕೂಲಿನ ಮಾತು, ನಗು, ಭುಜ ತಟ್ಟುವುದು. ಒಳ್ಳೆಯ ಮನುಷ್ಯನೇ. ನನ್ನ ಕೆಲಸ ವಿಚಾರಿಸಿದರು, ಅಂಕಿಅಂಶ ಕೆದಕಲಿಲ್ಲ. ಅವರು ಏಳುವಾಗ ಅಪ್ಪ, “ನೀನು ಬರೋದೇ ಬೇಕಿರಲಿಲ್ಲ ಮಾರಾಯ. ನಮ್ಮ ಮನೇದು ಮೂರು ಓಟೂ ನಿನ್ನವೇ” ಅಂದರು.

ಅಮ್ಮ ಒಳಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ತಟ್ಟೆ.

“ರೀ, ನನ್ನದನ್ನ ನೀವು ಹೇಳಬೇಡಿ.”

ದನಿ ಏರಲಿಲ್ಲ. ಬಟ್ಟೆ ಒಣಗಿದೆ ಅನ್ನುವ ಹಾಗೆಯೇ ಹೇಳಿದಳು. ಅಪ್ಪ ಮೊದಲು ನಕ್ಕರು, ಆಮೇಲೆ ನಿಲ್ಲಿಸಿದರು.

ಕೌನ್ಸಿಲರ್ ನಿಂತಲ್ಲೇ ತಿರುಗಿದರು. “ಯಾಕತ್ತಿಗೆ, ನನ್ನಿಂದೇನಾದ್ರೂ ತಪ್ಪಾಯ್ತಾ?”

“ಆ ಓದೋ ಕೋಣೆ ಒಡೆಸಿದ್ರಲ್ಲ, ಯಾರನ್ನಾದ್ರೂ ಕೇಳಿದ್ರಾ?”

“ಅಲ್ಲಿಗೆ ಯಾರೂ ಬರ್ತಿರಲಿಲ್ಲ ಅತ್ತಿಗೆ. ಲೆಕ್ಕ ಇದೆ ನಮ್ಮ ಹತ್ರ.”

“ನಾನು ಬರ್ತಿದ್ದೆ” ಅಂದಳು ಅಮ್ಮ.

ಕೌನ್ಸಿಲರ್ ಒಂದು ಕರಪತ್ರವನ್ನು ಕುರ್ಚಿಯ ಮೇಲಿಟ್ಟರು. ನಮಸ್ಕಾರ ಮಾಡಿ ಹೊರಟರು. ಅಪ್ಪ ಗೇಟಿನವರೆಗೆ ಹೋದರು, ವಾಪಸ್ ಬಂದು ಅಂಗಡಿ ಬೀಗದ ಕೈ ತೆಗೆದುಕೊಂಡರು. ಭಾನುವಾರ. ಅಂಗಡಿಗೆ ರಜೆ.

ಮಾರ್ಚ್ 1, ಭಾನುವಾರ

ಅಪ್ಪ ಮಾತು ಬಿಟ್ಟು ಒಂದು ವಾರ. ಕೋಪ ಎನ್ನಲಾಗದು. ಮುಖ ಸಪ್ಪಗಿದೆ, ಅಳತೆ ತಪ್ಪಿ ಬಟ್ಟೆ ಕತ್ತರಿಸಿದವರ ಹಾಗೆ. ಬೇಕಾದ್ದನ್ನು ನನ್ನ ಮೂಲಕ ಕೇಳುತ್ತಾರೆ. “ಪುಟ್ಟಿ, ನಿಮ್ಮಮ್ಮನ್ನ ಕೇಳು, ಕನ್ನಡಕ ಎಲ್ಲಿ ಅಂತ.” ಅಮ್ಮ ಅಲ್ಲೇ ಎರಡಡಿ ದೂರದಲ್ಲಿ. “ಅವರ ತಲೆ ಮೇಲೇ ಇದೆ ಅಂತ ಹೇಳು.” ನಾನೀಗ ಮನೆಯಲ್ಲೂ ಪ್ರಶ್ನೆ ಕೇಳಿ ಉತ್ತರ ತರುವ ಫೀಲ್ಡ್ ಸ್ಟಾಫು.

ಮೊನ್ನೆ ಸಮೀಕ್ಷೆ ಪತ್ರಿಕೆಯಲ್ಲಿ ಬಂತು. ಕೌನ್ಸಿಲರ್ ಮುಂದಿದ್ದಾರೆ, ಆದರೆ ಅಂತರ ತೀರಾ ಕಡಿಮೆ ಅಂತ. ಬೇರೆ ಕಂಪನಿಗಳೆಲ್ಲ ಸಲೀಸು ಗೆಲುವು ಅಂದಿವೆ. ಮೇಡಂಗೆ ಎಲ್ಲಿಂದಲೋ ಫೋನ್ ಬಂತು, ಹೆಚ್ಚು ಕೇಳಿಸಿಕೊಂಡರು, ಕಡಿಮೆ ಮಾತಾಡಿದರು. ಇಟ್ಟ ಮೇಲೆ ನನ್ನ ಕಡೆ ನೋಡಿ, “ತಪ್ಪಾದ್ರೆ ಇಬ್ಬರೂ ಸೇರಿ ಬೈಸ್ಕೊಳ್ಳೋಣ” ಅಂದರು.

ಮಾರ್ಚ್ 8, ಭಾನುವಾರ

ಮೂವರೂ ಓಟು ಹಾಕಿ ಬಂದೆವು. ಒಟ್ಟಿಗೇ ಹೋದೆವು, ಸಾಲಿನಲ್ಲಿ ಒಂದು ಮಾತಿಲ್ಲ. ಬಿಸಿಲು ಜೋರಿತ್ತು. ಅರ್ಧ ದಾರಿಯಲ್ಲಿ ಅಪ್ಪ ಅಮ್ಮನ ಕೈಯಿಂದ ಕೊಡೆ ತೆಗೆದುಕೊಂಡು ತಾವೇ ಹಿಡಿದರು. ಇಬ್ಬರಿಗೂ ನೆರಳಾಗುವ ಹಾಗೆ.

ಮಾರ್ಚ್ 10, ಮಂಗಳವಾರ. ಸಂಜೆ ಏಳು

ಕೌನ್ಸಿಲರ್ ಗೆದ್ದರು. ಕೂದಲೆಳೆ ಅಂತರದಲ್ಲಿ. ನಾವು ಹೇಳಿದ್ದರ ಹತ್ತಿರಹತ್ತಿರ. ದಶಮಾಂಶ ಎದ್ದುಬಂದು ಕೈ ಕುಲುಕಿದ. ಮೇಡಂ ಮುಂದಿನ ಸಮೀಕ್ಷೆಯ ವೇಳಾಪಟ್ಟಿ ಕೊಟ್ಟರು, ಅರ್ಧದಷ್ಟು ಕರೆ ಮಧ್ಯಾಹ್ನ.

ಮನೆಗೆ ಬಂದರೆ ಅಪ್ಪ ಆಗಲೇ ಬಂದಿದ್ದಾರೆ. ವಿಜಯೋತ್ಸವಕ್ಕೆ ಕರೆ ಬಂದಿತ್ತಂತೆ, ಹೋಗಿಲ್ಲ. ಅಮ್ಮ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಳೆ. ನಾನು ಇತ್ತ ನನ್ನ ಕೋಣೆಯಲ್ಲಿ. ಈಗಷ್ಟೇ ಅಪ್ಪನ ದನಿ, ಹದಿನೈದು ದಿನದ ಮೇಲೆ, ನೇರವಾಗಿ:

“ಎಷ್ಟು ದಿನದಿಂದ ಹೋಗ್ತಿದ್ದೆ ಅಲ್ಲಿಗೆ?”

“ಕೇಳ್ತಿದೀರೋ, ವಿಚಾರಣೆ ಮಾಡ್ತಿದೀರೋ?”

“...ಕೇಳ್ತಿದೀನಿ ಕಣೇ.”

“ಹಂಗಾದ್ರೆ ಕೂತ್ಕೊಳ್ಳಿ. ನಿಂತ್ಕೊಂಡು ಕೇಳೋ ವಿಷಯ ಅಲ್ಲ.”

ಕುರ್ಚಿ ಎಳೆದ ಸದ್ದು. ಅಪ್ಪ ಕೂತರು. ಅಮ್ಮ ಮೊದಲಿನಿಂದ ಶುರುಮಾಡಿದ್ದಾಳೆ, ನಾನು ಹುಟ್ಟುವ ಮುಂಚಿನ ಯಾವುದೋ ಮಧ್ಯಾಹ್ನದಿಂದ. ಅಪ್ಪ ನಡುವೆ ಬಾಯಿ ಹಾಕುತ್ತಿಲ್ಲ. ಬಾಗಿಲು ಅರ್ಧ ತೆರೆದಿದೆ, ಪ್ರತಿ ಮಾತೂ ಸ್ಪಷ್ಟವಾಗಿ ಕೇಳಿಸುತ್ತಿದೆ. ಇದು ಅಪ್ಪನಿಗೆ ಹೇಳುತ್ತಿರುವುದು. ನಾನು ಎದ್ದು ಬಾಗಿಲು ಹಾಕಿಕೊಳ್ಳುತ್ತೇನೆ.