ಭಾನಕ್ಕನ ಕೇರಂ ಚೀಲ

ಆಬರ್ನ್ ಹಿಲ್ಸ್
ಏಪ್ರಿಲ್ 5, 2009

ನನ್ನ ಲೆಕ್ಕದ ಮೇಡಂ ಭಾನಕ್ಕನಿಗೆ,

ಪದ್ದು ಮಾಡುವ ನಮಸ್ಕಾರ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಮಾತು ಮರೆಸುತ್ತೇನೆ. ಅದಕ್ಕೇ ಈ ಕಾಗದ.

ಯುಗಾದಿಗೆ ಪ್ಲೇನ್‌ಫೀಲ್ಡ್‌ನ ನಿನ್ನ ಮನೆವರೆಗೆ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದದ್ದು ಬರೀ ಬೇವುಬೆಲ್ಲಕ್ಕಲ್ಲ ಕಣೇ. ಕೆಲಸದಿಂದ ತೆಗೆದಾಗ ಕೈಗೆ ಬಂದ ಎಂಟು ಸಾವಿರ ಡಾಲರ್ ಬಿಟ್ಟರೆ ಮನೆಯ ಕಂತಿಗೆ ನಮ್ಮ ಹತ್ತಿರ ಬೇರೇನೂ ಇಲ್ಲ. ಅಷ್ಟನ್ನೂ ಬುಧವಾರದ ನಾಲ್ಕು ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟಬೇಕೆಂದಿದ್ದೆ. ಕಟ್ಟಿಕೊಂಡ ಹೆಂಡತಿ ದೀಪ್ತಿಗೂ ಹೇಳಿರಲಿಲ್ಲ. ನಿನ್ನ ಬಾಯಿಂದ ಲೆಕ್ಕ ಸರಿಯಾಗಿದೆ ಅನ್ನಿಸಿಕೊಂಡು ಹೋಗೋಣವೆಂದು ಬಂದಿದ್ದೆ.

ನಾಲ್ಕೂ ಗೆಲ್ಲುವ ತಂಡಗಳೇ ಎಂದು ಎಷ್ಟು ಜಂಬದಿಂದ ವಿವರಿಸಿದೆ! ಬಿಡಿಬಿಡಿಯಾಗಿ ಎರಡೆರಡು ಸಾವಿರ ಕಟ್ಟಿದರೆ ಗೆದ್ದ ಪ್ರತಿ ಪಂದ್ಯಕ್ಕೆ ಐನೂರೂ ಪೂರ್ತಿ ಸಿಗುವುದಿಲ್ಲ. ನಾಲ್ಕನ್ನೂ ಪೋಣಿಸಿ ಪಾರ್ಲೇ ಎನ್ನುವ ಒಂದೇ ಬಾಜಿಯಾಗಿ ಕಟ್ಟಿದರೆ ಎಂಟು ಸಾವಿರವೇ ಹತ್ತೊಂಬತ್ತು ಸಾವಿರವಾಗುತ್ತದೆ. ಒಂದು ಸೋತರೂ ಎಲ್ಲ ಹೋಗುತ್ತದೆ ಎನ್ನುವುದನ್ನು ಮೆಲ್ಲಗೆ ಹೇಳಿದೆ.

ಬೇರೆಯವರಾಗಿದ್ದರೆ ಚೆನ್ನಾಗಿ ಮಂಗಳಾರತಿ ಎತ್ತುತ್ತಿದ್ದರು. ನೀನು ಇನ್ನೊಂದು ಒಬ್ಬಟ್ಟು ಬಡಿಸಿ, ಕೈ ತೊಳೆದು ಬಂದು, ಬಟ್ಟೆಯ ಚೀಲಕ್ಕೆ ಹತ್ತು ಕೇರಂ ಕಾಯಿ ಹಾಕಿದೆ. ಎಂಟು ಬಿಳಿ, ಎರಡು ಕಪ್ಪು ಅಂದೆ. ಪ್ರತಿ ತಂಡವೂ ಹತ್ತಕ್ಕೆ ಎಂಟು ಸಲ ಗೆಲ್ಲುತ್ತದೆ ಎಂದದ್ದು ನಾನೇ. ಒಂದು ಎತ್ತಿ ನೋಡಿ ವಾಪಸ್ ಹಾಕಬೇಕು, ಹೀಗೆ ನಾಲ್ಕು ಸಲ, ನಾಲ್ಕೂ ಬಿಳಿ ಬಂದರೆ ಗೆದ್ದ ಹಾಗೆ. ಇಪ್ಪತ್ತು ಸುತ್ತು ಆಡಿದೆ. ಗೆದ್ದದ್ದು ಐದೇ ಐದು.

ಹಾಗಾದರೆ ಬಿಡಿಯಾಗಿ ಕಟ್ಟಲಾ ಎಂದು ನಾನು ನಾಚಿಕೆಯಿಲ್ಲದೆ ಕೇಳಿದೆ. "ಬಿಡಿಯಾಗಿ ಕಟ್ಟಿದ್ರೆ ಒಂದು ಸೋತ್ರೂ ಮೂರು ಉಳಿಯುತ್ತೆ, ನಿಧಾನಕ್ಕೆ ಮುಳುಗ್ತೀಯ," ಅಂದೆ ನೀನು. "ಬಾಜಿ ಕಟ್ಟಿಸಿಕೊಳ್ಳೋನು ಪ್ರತಿ ಪಂದ್ಯಕ್ಕೂ ತನ್ನ ಪಾಲು ತಿಂತಾನೆ ಪದ್ದು. ಪೋಣಿಸಿದ್ರೆ ಅದೇ ದುಡ್ಡಲ್ಲಿ ನಾಲ್ಕು ಸಲ ತಿಂತಾನೆ." ಅಷ್ಟೇ. ಇಪ್ಪತ್ತು ವರ್ಷ ಪಾಠ ಹೇಳಿದವಳು ಒಂದು ಉಪದೇಶ ಮಾಡಲಿಲ್ಲವಲ್ಲ, ನಿನಗೆ ದೊಡ್ಡ ನಮಸ್ಕಾರ ಕಣಕ್ಕ.

ಹೊರಡುವಾಗ ಆ ಚೀಲ ಕೇಳಿದೆ. ಕೊಡಲು ನೀನು ಯಾಕೋ ಹಿಂದೆಮುಂದೆ ನೋಡಿದೆ.

ಮಂಗಳವಾರ ದೀಪ್ತಿಗೆ ಎಲ್ಲ ಹೇಳಿಬಿಟ್ಟೆ. ಅವಳು ಸಂಜೆ ಕಾಫಿ ತಂದಿಟ್ಟು, ಹಣ ತನ್ನ ಖಾತೆಗೆ ಹಾಕಿಸಿಕೊಂಡಳು. ನಾನು ಒಂಬತ್ತು ಕಡೆ ಕೆಲಸಕ್ಕೆ ಅಪ್ಲೈ ಮಾಡಿದ್ದೇನೆ, ಬಿಡಿಬಿಡಿಯಾಗಿ.

ನಿನ್ನ ದಡ್ಡ ಶಿಷ್ಯ,
ಪದ್ಮನಾಭ

ತಾ.ಕ.: ಬುಧವಾರ ನಾಲ್ಕೂ ತಂಡಗಳು ಗೆದ್ದವು. ಹೊಟ್ಟೆ ಉರಿದುಹೋಯಿತು. ನಿನ್ನ ಜೊತೆ ಜಗಳಕ್ಕೆ ನಿಲ್ಲಬೇಕೆಂದು ಚೀಲ ಸುರಿದೆ: ಏಳು ಬಿಳಿ, ಮೂರು ಕಪ್ಪು. ಚಿಕ್ಕಂದಿನಲ್ಲಿ ನನ್ನ ಸ್ಟ್ರೈಕರ್ ಗೆರೆ ತಪ್ಪಿದರೂ ಆಟ ನಿಲ್ಲಿಸುತ್ತಿದ್ದವಳು ನೀನು! ಒಂದು ಕಪ್ಪಿಗೆ ಸೀಮೆಸುಣ್ಣ ಬಳಿದು ಬಿಳಿ ಮಾಡಿಕೊಂಡು ಮತ್ತೆ ಇಪ್ಪತ್ತು ಸುತ್ತು ಆಡಿದೆ. ಗೆದ್ದದ್ದು ಎಂಟು, ಸೋತದ್ದು ಆಗಲೂ ಹನ್ನೆರಡು. ನೀನು ಮೋಸ ಮಾಡಬೇಕಾಗಿಯೇ ಇರಲಿಲ್ಲ ಅಕ್ಕ. ಆದರೂ ಮಾಡಿದೆಯಲ್ಲ, ನನಗೋಸ್ಕರ. ಚೀಲ ವಾಪಸ್ ಕೊಡುವುದಿಲ್ಲ.