ಹುಳುಮನೆಯ ಹೊಸ ಪೆಟ್ಟಿಗೆ

ಮಳವಳ್ಳಿ
೧೨-೧-೧೯೪೧

ನನ್ನ ಜಯಾ,

ನಿನ್ನ ಅಕ್ಕ ಹೊಂಬಾಳಿ ಉಂಡುಟ್ಟುಕೊಂಡು ಚೆನ್ನಾಗೇ ಇದ್ದಾಳೆ. ಕೆರಗೋಡಲ್ಲಿ ನೀವೆಲ್ಲ ಹಾಗೇ ಇದ್ದೀರಿ ಅಂದುಕೊಂಡಿದ್ದೀನಿ. ಎರಡು ಕಾಗದ ಹಾಕಿದರೂ ಉತ್ತರ ಬರಲಿಲ್ಲ ಅಂತ ನಿನಗೆ ಸಿಟ್ಟು ಬಂದಿರುತ್ತೆ. ಸಿಟ್ಟಾಗು, ಆದರೆ ಇದನ್ನ ಪೂರ್ತಿ ಓದಿ ಆಮೇಲೆ ಆಗು. ಹುಳುಮನೆ ಗೋಡೆ ಮೇಲೆ ಕೂತಿರೋ ಒಂದು ಪೆಟ್ಟಿಗೆ ನನ್ನ ತಲೆ ತಿಂದುಹಾಕಿದೆ.

ರೇಷ್ಮೆಹುಳ ಮರಿಯಾಗಿದ್ದಾಗ ಚಳಿ ತಡೆಯಲ್ಲ ಅಂತ ನಿಮ್ಮ ಭಾವ ಅಲ್ಲಿ ಕರೆಂಟು ಒಲೆ ಇಟ್ಟಿದ್ದರಲ್ಲ, ಅದರ ಕಾವಿಗೆ ಗೋಡೇಲಿ ಒಂದು ಹಿತ್ತಾಳೆ ತಿರುಪು ಇತ್ತು. ಬಲಕ್ಕೆ ತಿರುಗಿಸಿದರೆ ಬಿಸಿ, ಎಡಕ್ಕೆ ತಣ್ಣಗೆ. ಬೆಳಿಗ್ಗೆ ಸೊಪ್ಪು ಹಾಕುವಾಗ, ಸಂಜೆ ದೀಪ ಹಚ್ಚಿದ ಮೇಲೆ ಅದನ್ನ ತಿರುಗಿಸೋದು ನನ್ನ ಕೆಲಸ. ಮದುವೆಯಾಗಿ ಬಂದಾಗಿನಿಂದ ಈ ಮನೇಲಿ ನನ್ನದು ಅಂತ ಇದ್ದ ಕೆಲಸ ಅದೊಂದೇ ಅನ್ನು.

ಹೋದ ತಿಂಗಳು ಬೆಂಗಳೂರಿಂದ ಗಡಿಯಾರ ಇರೋ ಹೊಸ ಪೆಟ್ಟಿಗೆ ತಂದರು. ಯಾವ ಹೊತ್ತಿಗೆ ಎಷ್ಟು ಕಾವು ಅಂತ ಗಡಿಯಾರದ ಸುತ್ತ ಇರೋ ಪುಟ್ಟ ಮೊಳೆ ಕೂರಿಸಿಬಿಟ್ಟರೆ ತಾನೇ ನೋಡಿಕೊಳ್ಳುತ್ತಂತೆ. "ಇನ್ಮ್ಯಾಕೆ ನಿಂಗೆ ಉಳುಮನೆ ತಾಪತ್ರಯ ಇಲ್ಲ ಕಣಮ್ಮಿ, ಆರಾಮಾಗಿರು," ಅಂದರು. ನಂಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಕರೆಂಟು ಕೆಲಸದ ಅಂಕಯ್ಯ ಮಂಡ್ಯದಿಂದ ಬಂದು ಹಳೇದನ್ನ ಕಿತ್ತು ಹೊಸದನ್ನ ಕೂರಿಸಿ ಹೋದ. ಅವತ್ತಿಂದ ಶುರುವಾಯ್ತು ನೋಡು. ಉರಿಬಿಸಿಲಲ್ಲಿ ಒಲೆ ಕೆಂಪಗೆ ಕಾಯೋದು, ಹೊತ್ತು ಮುಳುಗಿದರೆ ಆರಿಹೋಗೋದು. ಮರಿಗಳು ಸೊಪ್ಪು ಬಿಟ್ಟು ತಟ್ಟೆ ಅಂಚಿಗೆ ಹರಿದವು. "ಹಗಲು ರಾತ್ರಿ ತಿರುಗಾಮುರುಗಾ ಆಗೈತೆ, ನೋಡಿ" ಅಂದೆ. "ನೀ ಮುಟ್ಬ್ಯಾಡ ಬುಡು, ಮಿಸೀನು ಕೆಟ್ಟೋಯ್ತದೆ," ಅಂದರು.

ಅಂಕಯ್ಯ ಮತ್ತೆ ಬಂದ. "ಕರೆಂಟು ಓದ್ರೆ ಗಡಿಯಾರ ನಿಂತೋಯ್ತದೆ ಕಣವ್ವ. ಬಂದ್ಮ್ಯಾಲೆ ಮುಳ್ಳು ಸರಿ ಮಾಡ್ಬೇಕು," ಅಂದ. ನಂಗೆ ಹೇಳಿಕೊಡಪ್ಪ ಅಂದೆ. ನಿಮ್ಮ ಭಾವ ಅಡ್ಡ ಬಂದು, "ಅವಳಿಗ್ಯಾಕೆ, ನಂಗೇಳು," ಅಂದರು.

ಸರಿ, ಹೋದ ಗುರುವಾರ ಅವರು ಮದ್ದೂರಿಗೆ ಹೋಗಿದ್ದಾಗ ಕರೆಂಟು ಹೋಗಿ ಬಂತು. ಕಿಟಕೀಲಿ ಇಣುಕಿದರೆ ಒಲೆ ಮಾತ್ರ ಉರೀತಿರಲಿಲ್ಲ. ಹೋಗಿ ನೋಡ್ತೀನಿ, ಬಾಗಿಲಿಗೆ ಬೀಗ! ನಮ್ಮ ಮನೆ ಹುಳುಮನೆಗೆ ಬೀಗ ಜಯಾ, ಯಾವ ಕಾಲಕ್ಕೂ ಇರಲಿಲ್ಲ. ಕಿಟಕಿ ಸರಳು ಹಿಡಿದು ನಿಂತೆ. ತಣ್ಣಗಾಗಿ ಮರಿ ಒಂದೊಂದೇ ಸೆಟೆದುಕೊಳ್ಳೋದು ಕಾಣ್ತಾ ಇತ್ತು. ಅವರು ಬರೋ ಹೊತ್ತಿಗೆ ಎಷ್ಟೋ ತಟ್ಟೆ ತಿಪ್ಪೆಗೆ ಸುರಿಯೋ ಹಾಗಾಗಿತ್ತು. ಬೀಗ ಯಾಕೆ ಹಾಕಿದಿರಿ ಅಂದರೆ ಬೀಗದ ಕೈನ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು.

ಈಗ ಅವರಿಗೆ ಕೈ ಕುದುರಿದೆ. ಪೆಟ್ಟಿಗೆ ನೆಟ್ಟಗೆ ನಡೀತಿದೆ. ಉಳಿದ ಹುಳ ಎರಡನೇ ಪೊರೆ ಬಿಟ್ಟು ಮಳೆ ಹುಯ್ದಂಗೆ ಸದ್ದು ಮಾಡಿಕೊಂಡು ಸೊಪ್ಪು ತಿಂತಿವೆ. ಗೂಡು ಚೆನ್ನಾಗೇ ಆಗುತ್ತೆ. ಅದನ್ನ ನೋಡಿದರೆ ನನಗೆ ಇನ್ನೂ ರೇಗುತ್ತೆ.

ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ನಿನ್ನ ಕೂಸು ನೂರು ಕಾಲ ಬಾಳಲಿ, ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ
ಹೊಂಬಾಳಮ್ಮ

ಮ.ವಿ.: ಬರೀಬಾರದು ಅಂತಿದ್ದೆ. ಅಂಕಯ್ಯ ಎರಡನೇ ಸಲ ಬಂದಾಗ ನಾನು ಗೋಡೆ ಆಚೆ ಸೊಪ್ಪು ಬಿಡಿಸ್ತಿದ್ದೆ. "ಹಳೇದು ಚೆನ್ನಾಗೇ ಇತ್ತಲ್ಲ ಬುದ್ಧಿ, ಯಾಕೆ ಕೀಳ್ಸುದ್ರಿ?" ಅಂತ ಅವನು ಕೇಳಿದ. ನಿಮ್ಮ ಭಾವ ಅಂದರು: "ಎಲ್ಡು ಕೂಸ ಮಣ್ಮಾಡಿದ ಕೈ ಕಣಪ್ಪ ಅವಳ್ದು. ಉಳು ಮುಟ್ಟುದ್ರೆ ಉಳೀತವಾ?" ಊರಿನವರು ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆ. ಕಾರ್ತೀಕದಲ್ಲಿ ಎರಡನೇ ಕೂಸು ಹೋದಾಗ ನನ್ನ ಜೊತೆ ಕೂತು ಅತ್ತಿದ್ದ ಮನುಷ್ಯ ಜಯಾ. ತೊಟ್ಟಿಲ ಶಾಸ್ತ್ರಕ್ಕೆ ಬಾ ಅಂತ ಬರೆದಿದ್ದೀಯ. ಬಂದರೆ ಕೂಸನ್ನ ನನ್ನ ಕೈಗೆ ಕೊಡ್ತೀಯಾ? ಯಾರನ್ನೂ ಕೇಳದೆ ನೀನೇ ಬರಿ. ಆಮೇಲೆ ಬಸ್ಸು ಹತ್ತುತ್ತೀನಿ.